ಆಸ್ತಮಾ ಇರುವ ದೊಡ್ಡವರಿಗೆ ನೆಗಡಿ, ಫ್ಲೂ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಈಗ ಉಸಿರು ಕಟ್ಟುತ್ತಿರುವಾಗಲೇ ಇದನ್ನು ತೆರೆದಿದ್ದರೆ ಮುಂದೆ ಓದಬೇಡಿ. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲ, ಮುಂದಕ್ಕೆ ಬಾಗಿ ಕೂತರೆ ಮಾತ್ರ ಉಸಿರು ಬರುತ್ತದೆ, ತುಟಿ ನೀಲಿಯಾಗಿದೆ, ನೀಲಿ ಪಂಪ್ (ಉಬ್ಬಸ ಬಂದಾಗ ಹೊಡೆಯುವ ಸಾಲ್ಬುಟಮಾಲ್ ಇನ್ಹೇಲರ್) ಹೊಡೆದರೂ ಎದೆ ಸಡಿಲ ಆಗುತ್ತಿಲ್ಲ ಎಂದರೆ 108ಕ್ಕೆ ಕರೆ ಮಾಡಿ. ಮಲಗಬೇಡಿ, ನೆಟ್ಟಗೆ ಕೂತುಕೊಳ್ಳಿ. ಅಂಬುಲೆನ್ಸ್ ಬರುವ ತನಕ ನೀಲಿ ಪಂಪನ್ನು ಸ್ಪೇಸರ್ (ಪಂಪಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಒಂದೊಂದೇ ಪಫ್‌ನಂತೆ 4ರಿಂದ 10 ಪಫ್ ತೆಗೆದುಕೊಳ್ಳಿ. 20 ನಿಮಿಷ ಬಿಟ್ಟು ಮತ್ತೆ ತೆಗೆದುಕೊಳ್ಳಬಹುದು.

ಇನ್ನು ಸಮಾಧಾನವಾಗಿ ಓದಲು ಬಂದವರಿಗೆ. ನಾನು ಡಾಕ್ಟರ್ ಅಲ್ಲ. ಸಾಗರದ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, 19 ವರ್ಷದಿಂದ ಆಸ್ತಮಾ ಇದೆ. ನಮ್ಮಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಮೊದಲ ವಾರ ಮಕ್ಕಳ ಮೂಗು ಸೋರುತ್ತದೆ, ಎರಡನೇ ವಾರ ನನ್ನ ಎದೆ ಸುಂಯ್ ಅನ್ನುತ್ತದೆ. ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ ಜನ ಕೇಳಿದ ಪ್ರಶ್ನೆಗಳೇ ಇಲ್ಲಿರುವುದು. ಔಷಧದ ಲೆಕ್ಕ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ಬರೀ ನೆಗಡಿ ಅಲ್ವಾ? ಅದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಹೆದರಬೇಕಿಲ್ಲ. ಆದರೆ ಬರೀ ನೆಗಡಿ ಅಂತ ಬಿಡುವ ಹಾಗೂ ಇಲ್ಲ. ದೊಡ್ಡವರ ಆಸ್ತಮಾ ದಿಢೀರ್ ಕೆರಳಿದಾಗ ಪರೀಕ್ಷೆ ಮಾಡಿದರೆ, ಸುಮಾರು ಅರ್ಧದಷ್ಟು ಜನರಲ್ಲಿ ಯಾವುದಾದರೂ ಒಂದು ವೈರಸ್ ಸಿಗುತ್ತದೆ. ಮಕ್ಕಳಲ್ಲಿ ಇದು ನೂರಕ್ಕೆ 80ರ ಆಸುಪಾಸು.

ಆಸ್ತಮಾ ಅಂದರೆ ಶ್ವಾಸನಾಳದ ಒಳಗೋಡೆ ಸದಾ ಸ್ವಲ್ಪ ಊದಿಕೊಂಡೇ ಇರುವುದು. ಆರಾಮಾಗಿದ್ದೇವೆ ಅನ್ನಿಸಿದಾಗಲೂ ಆ ಊತ ಒಳಗೆ ಇರುತ್ತದೆ. ವೈರಸ್ ಬಂದು ಕೂತಾಗ ಊತ ಹೆಚ್ಚುತ್ತದೆ, ಕಫ ತುಂಬುತ್ತದೆ, ನಾಳದ ಸುತ್ತಲ ಸ್ನಾಯು ಬಿಗಿಯುತ್ತದೆ. ಮೂರೂ ಸೇರಿ ದಾರಿ ಸಣ್ಣದಾದಾಗ ಸಿಳ್ಳೆಯ ಹಾಗೆ ಶಬ್ದ ಬರುತ್ತದೆ. ನಮ್ಮ ಹಿರಿಯರು ಗೂರಲು, ಉಬ್ಬಸ ಅನ್ನುತ್ತಿದ್ದದ್ದು ಇದನ್ನೇ.

ಆಸ್ತಮಾ ಇದ್ದವರಿಗೆ ನೆಗಡಿ ಜಾಸ್ತಿ ಬರುತ್ತಾ?

ನನಗೂ ಹಾಗೇ ಅನ್ನಿಸುತ್ತಿತ್ತು. ಅದು ನಿಜವಲ್ಲ. 2002ರಲ್ಲಿ ಬ್ರಿಟನ್ನಿನಲ್ಲಿ ಒಂದು ಚೆಂದದ ಅಧ್ಯಯನ ಬಂತು. 76 ಜೋಡಿಗಳನ್ನು ಆರಿಸಿದರು. ಒಂದೇ ಮನೆಯಲ್ಲಿ ಇರುವವರು, ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಆಸ್ತಮಾ. ಮೂಗಿನ ಮಾದರಿ ತೆಗೆದು ನೆಗಡಿಯ ವೈರಸ್ ಹುಡುಕುತ್ತಾ ಹೋದರು. ಇಬ್ಬರಿಗೂ ಸೋಂಕು ತಗುಲಿದ್ದು ಹೆಚ್ಚುಕಡಿಮೆ ಒಂದೇ ಸಮ. ವ್ಯತ್ಯಾಸ ಕಂಡದ್ದು ಎದೆಯಲ್ಲಿ. ಆಸ್ತಮಾ ಇದ್ದವರಿಗೆ ಕೆಮ್ಮು, ಉಬ್ಬಸ ಜೋರಾಗಿತ್ತು, ಹೆಚ್ಚು ದಿನ ಉಳಿಯಿತು.

ಯಾಕೆ ಹೀಗೆ? ವೈರಸ್ ಒಳಗೆ ಬಂದ ತಕ್ಷಣ ಶ್ವಾಸನಾಳದ ಜೀವಕೋಶಗಳು ಇಂಟರ್ಫೆರಾನ್ ಎಂಬ ವಸ್ತುವನ್ನು ಬಿಡುತ್ತವೆ. ಅಕ್ಕಪಕ್ಕದ ಕೋಶಗಳಿಗೆ ಅದು ಕೂಗಿ ಎಚ್ಚರಿಸಿದ ಹಾಗೆ. ಆಸ್ತಮಾ ಇದ್ದವರ ಕೋಶಗಳಲ್ಲಿ ಈ ಕೂಗು ಕ್ಷೀಣ ಎಂದು 2005ರಲ್ಲಿ ಬ್ರಿಟಿಷ್ ಸಂಶೋಧಕರು ತೋರಿಸಿದರು. ಆಮೇಲೆ 2014ರಲ್ಲಿ ಇನ್ನೊಂದು ವಿಷಯ ಬಂತು, ಅದನ್ನು ನಾನು ಎಲ್ಲರಿಗೂ ಹೇಳುತ್ತೇನೆ: ಆಸ್ತಮಾ ಚೆನ್ನಾಗಿ ಹಿಡಿತದಲ್ಲಿ ಇರುವವರಲ್ಲಿ ಆ ಕೊರತೆ ಕಾಣಲಿಲ್ಲ. ನೆಗಡಿ ಬರುವ ಮುಂಚಿನ ತಿಂಗಳುಗಳಲ್ಲಿ ನೀವು ಏನು ಮಾಡುತ್ತಿದ್ದಿರಿ ಅನ್ನುವುದರ ಮೇಲೆ ಬಹಳ ನಿಂತಿದೆ.

ಯಾವ ಯಾವ ವೈರಸ್?

ಎಲ್ಲಕ್ಕಿಂತ ಹೆಚ್ಚು ಸಿಗುವುದು ರೈನೋವೈರಸ್. ಸಾಮಾನ್ಯ ನೆಗಡಿಯ ವೈರಸ್ ಅದೇ. 160ಕ್ಕೂ ಹೆಚ್ಚು ಬಗೆ ಇದೆ, ಹಾಗಾಗಿ ಒಂದು ಸಲ ಬಂದು ಹೋದರೆ ಮತ್ತೆ ಬರುವುದಿಲ್ಲ ಎನ್ನುವಂತಿಲ್ಲ, ಲಸಿಕೆಯೂ ಇಲ್ಲ. ಅದರ ಜೊತೆಗೆ ಇನ್‌ಫ್ಲುಯೆಂಜಾ, ಆರ್‌ಎಸ್‌ವಿ, 2001ರಲ್ಲಿ ಪತ್ತೆಯಾದ ಮೆಟಾನ್ಯುಮೋವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಕೊರೊನಾ ಜಾತಿಯವು. ಯಾವುದು ಬಂದಿದೆ ಎಂದು ಮನೆಯಲ್ಲಿ ಕೂತು ಗುರುತಿಸಲು ಆಗುವುದಿಲ್ಲ. ಇನ್‌ಫ್ಲುಯೆಂಜಾ ಮತ್ತು ಕೋವಿಡ್ ಬಿಟ್ಟು ಉಳಿದವಕ್ಕೆ ವಾಡಿಕೆಯಲ್ಲಿ ಕೊಡುವ ವೈರಸ್ ಔಷಧವೂ ಇಲ್ಲ.

ಮೂಗು ಕಟ್ಟಿದೆ, ಗಂಟಲು ಕೆರೆತ ಶುರು. ಮೊದಲ ದಿನವೇ ಏನು ಮಾಡಬೇಕು?

ಇದೇ ಮುಖ್ಯ ಪ್ರಶ್ನೆ. ಸೋಂಕು ತಗುಲಿ ಒಂದರಿಂದ ಮೂರು ದಿನದಲ್ಲಿ ಮೂಗು ಸೋರುತ್ತದೆ. ಎದೆಗೆ ಇಳಿಯುವುದು ಸಾಮಾನ್ಯವಾಗಿ ಅದಾದ ಎರಡು ಮೂರು ದಿನಕ್ಕೆ. ಅಂದರೆ ನಿಮಗೆ ಸ್ವಲ್ಪ ಸಮಯ ಸಿಗುತ್ತದೆ. ಹೆಚ್ಚಿನವರು ಆ ಸಮಯವನ್ನು ನೋಡೋಣ ನೋಡೋಣ ಅಂತಲೇ ಕಳೆಯುತ್ತಾರೆ. ನೆಗಡಿ ಮೂಗಿನಲ್ಲಿ ಇರುವಾಗಲೇ ಎದೆಯ ಕೆಲಸ ಶುರು ಮಾಡಬೇಕು.

ಮೊದಲನೆಯದು, ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್ಹೇಲರ್ ಒಂದು ಹೊತ್ತೂ ತಪ್ಪಬಾರದು. ಎರಡನೆಯದು, ಪೀಕ್ ಫ್ಲೋ ಮೀಟರ್ (ಎಷ್ಟು ಜೋರಾಗಿ ಉಸಿರು ಊದಬಲ್ಲಿರಿ ಎಂದು ಅಳೆಯುವ ಸಣ್ಣ ಸಾಧನ) ಇದ್ದರೆ ಬೆಳಿಗ್ಗೆ ಸಂಜೆ ಊದಿ ಬರೆದಿಡಿ. ಆರಾಮಾಗಿದ್ದಾಗ ನೀವು ಊದಿದ ಅತಿ ಹೆಚ್ಚು ಅಂಕಿ ಎಷ್ಟು ಅಂತ ಮೊದಲೇ ಗೊತ್ತಿರಬೇಕು. ಅದರ ನೂರಕ್ಕೆ 80ರ ಮೇಲಿದ್ದರೆ ಚಿಂತೆ ಇಲ್ಲ. 50ರಿಂದ 80ರ ಒಳಗೆ ಬಿದ್ದರೆ ಔಷಧ ಏರಿಸುವ ಹೊತ್ತು. 50ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆ. ನನ್ನ ಅತಿ ಹೆಚ್ಚಿನ ಅಂಕಿ 400. ನೆಗಡಿಯ ಮೂರನೇ ದಿನ 310 ತೋರಿಸಿದಾಗ ಎದೆಯಲ್ಲಿ ಇನ್ನೂ ಏನೂ ಅನ್ನಿಸಿರುವುದಿಲ್ಲ. ಮೀಟರಿಗೆ ನನಗಿಂತ ಮೊದಲು ಗೊತ್ತಾಗುತ್ತದೆ.

ಏರಿಸುವುದು ಹೇಗೆ? ಅದು ನಿಮ್ಮ ಇನ್ಹೇಲರ್ ಯಾವುದು ಎಂಬುದರ ಮೇಲೆ ಹೋಗುತ್ತದೆ. ಬುಡೆಸೊನೈಡ್ (ಸ್ಟೀರಾಯ್ಡ್) ಮತ್ತು ಫಾರ್ಮೋಟೆರಾಲ್ (ಬಿಗಿದ ನಾಳ ಸಡಿಲಿಸುವ ಔಷಧ) ಎರಡೂ ಒಟ್ಟಿಗೆ ಇರುವುದನ್ನು ದಿನದ ಔಷಧವಾಗಿಯೂ, ಉಬ್ಬಸ ಬಂದಾಗಲೂ ಬಳಸುವ ಪದ್ಧತಿ ಈಗ ಬಂದಿದೆ. ಆಗ ಉಬ್ಬಸ ಹೆಚ್ಚಾದಂತೆ ಸ್ಟೀರಾಯ್ಡ್ ಕೂಡ ತಾನಾಗಿ ಹೆಚ್ಚು ಒಳಗೆ ಹೋಗುತ್ತದೆ. ಜಗತ್ತಿನ ಆಸ್ತಮಾ ತಜ್ಞರ ಕೂಟವಾದ ಜಿನಾ 2019ರಲ್ಲಿ ದೊಡ್ಡವರಿಗೆ ಬರೀ ನೀಲಿ ಪಂಪ್ ಮೇಲೆ ನಂಬಿಕೊಂಡಿರುವುದು ಸರಿಯಲ್ಲ ಎಂದು ಹೇಳಿತು. ಆದರೆ ಗಮನಿಸಿ, ಸಾಲ್ಮೆಟೆರಾಲ್ ಇರುವ ಇನ್ಹೇಲರನ್ನು ಹೀಗೆ ಬೇಕೆಂದಾಗ ಹೊಡೆಯುವಂತಿಲ್ಲ. ಡಬ್ಬಿಯ ಮೇಲಿನ ಹೆಸರು ಓದಿ. ಬಣ್ಣ ನೋಡಿ ನಂಬಬೇಡಿ, ಅದು ಕಂಪನಿಗೊಂದು ಇರುತ್ತದೆ.

ಬರೀ ಸ್ಟೀರಾಯ್ಡ್ ಇರುವ ಇನ್ಹೇಲರ್ ಆದರೆ, ನೆಗಡಿ ಬಂದಾಗ ಎರಡು ಪಟ್ಟು ಮಾಡಿದರೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನಾಲ್ಕು ಪಟ್ಟು ಮಾಡಿದರೆ ಸ್ವಲ್ಪ ಲಾಭ ಇದೆ ಎಂದು 2018ರ ಬ್ರಿಟಿಷ್ ಅಧ್ಯಯನ ಹೇಳುತ್ತದೆ. ಇದನ್ನು ನೀವೇ ಲೆಕ್ಕ ಹಾಕಿಕೊಂಡು ಮಾಡಬೇಡಿ. ಆರಾಮಾಗಿರುವಾಗಲೇ ಡಾಕ್ಟರ್ ಹತ್ತಿರ ಹೋಗಿ, ನೆಗಡಿ ಬಂದರೆ ಯಾವುದನ್ನು ಎಷ್ಟು ಏರಿಸಲಿ, ಎಷ್ಟು ದಿನ, ಯಾವಾಗ ಮಾತ್ರೆ ಶುರು ಮಾಡಲಿ ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ನನ್ನ ಚೀಟಿ ಫ್ರಿಜ್ ಬಾಗಿಲ ಮೇಲಿದೆ. ಮನೆಯವರಿಗೂ ಓದಲು ಬರುವಂತೆ ಕನ್ನಡದಲ್ಲೇ ಬರೆಸಿದ್ದೇನೆ.

ಸ್ಟೀರಾಯ್ಡ್ ಅಂದ್ರೆ ಭಯ. ಇನ್ಹೇಲರ್ ಚಟ ಆಗಲ್ವಾ?

ಈ ಭಯವೇ ಎಷ್ಟೋ ಜನರನ್ನು ಆಸ್ಪತ್ರೆಗೆ ಮುಟ್ಟಿಸಿದೆ. ಭಾರತದಲ್ಲಿ ಸುಮಾರು 3.5 ಕೋಟಿ ಜನರಿಗೆ ಆಸ್ತಮಾ ಇದೆ ಎಂದು ಅಂದಾಜು. ಅವರಲ್ಲಿ ಬಹಳ ಜನ ಇನ್ಹೇಲರ್ ಮುಟ್ಟುವುದೇ ಇಲ್ಲ, ಇಲ್ಲವೇ ಹೊಸಿಲು ದಾಟುವಾಗ ಬಚ್ಚಿಟ್ಟುಕೊಳ್ಳುತ್ತಾರೆ. ಮದುವೆಗೆ ಬಂದ ಹೆಣ್ಣುಮಕ್ಕಳ ಮನೆಯಲ್ಲಂತೂ ಪಂಪ್ ಕಪಾಟಿನ ಹಿಂದೆ ಇರುತ್ತದೆ. ನನಗೆ ಇದು ತುಂಬಾ ನೋವು ಕೊಡುವ ವಿಷಯ.

ಲೆಕ್ಕ ನೋಡಿ. ಇನ್ಹೇಲರಿನ ಒಂದು ಪಫ್‌ನಲ್ಲಿ ಬುಡೆಸೊನೈಡ್ 200 ಮೈಕ್ರೋಗ್ರಾಂ ಇರಬಹುದು. ಎದೆ ಪೂರ್ತಿ ಕೆಟ್ಟಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40ರಿಂದ 50 ಮಿಲಿಗ್ರಾಂ. 40 ಮಿಲಿಗ್ರಾಂ ಅಂದರೆ 40,000 ಮೈಕ್ರೋಗ್ರಾಂ. ಎರಡೂ ಬೇರೆ ಔಷಧ, ತೂಕಕ್ಕೆ ತೂಕ ಹೋಲಿಸಲು ಬರುವುದಿಲ್ಲ, ನಿಜ. ಆದರೂ ಒಂದು ನೇರ ಎದೆಗೆ ಹೋಗುವ ಚಿಟಿಕೆ, ಇನ್ನೊಂದು ಮೈಯೆಲ್ಲಾ ಹರಡುವ ಹಿಡಿ. ಚಿಟಿಕೆಗೆ ಹೆದರಿ ಬಿಟ್ಟವರು ಕೊನೆಗೆ ಹಿಡಿಯನ್ನೇ ನುಂಗಬೇಕಾಗುತ್ತದೆ. ಚಟ ಆಗುವುದಿಲ್ಲ. ಪಫ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಫಂಗಸ್ ಬರಬಹುದು.

ಒಂದು ವರ್ಷ ನಾನು ಏಪ್ರಿಲ್, ಮೇ ರಜೆಯಲ್ಲಿ ಚೆನ್ನಾಗಿದ್ದೇನಲ್ಲ ಎಂದು ಇನ್ಹೇಲರ್ ಬಿಟ್ಟಿದ್ದೆ. ಜೂನ್ ಎರಡನೇ ವಾರ ಎಂಟನೇ ಕ್ಲಾಸಿನಿಂದ ನೆಗಡಿ ಅಂಟಿತು. ನಾಲ್ಕನೇ ರಾತ್ರಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದೆ. ಅದೇ ಮಕ್ಕಳು, ಅದೇ ಮಳೆ, ಮರು ವರ್ಷ ಇನ್ಹೇಲರ್ ಬಿಡದೆ ಇದ್ದಾಗ ನಾಲ್ಕು ದಿನ ಕೆಮ್ಮಿ ಮುಗಿಯಿತು.

ಡಾಕ್ಟರ್ ಮಾತ್ರೆ ರೂಪದ ಸ್ಟೀರಾಯ್ಡ್ ಬರೆದರೆ ತೆಗೆದುಕೊಳ್ಳಲಾ?

ತೆಗೆದುಕೊಳ್ಳಿ. ಸಾಮಾನ್ಯವಾಗಿ 5ರಿಂದ 7 ದಿನ ಅಷ್ಟೇ. ಅರ್ಧಕ್ಕೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಆ ದಿನಗಳಲ್ಲಿ ಸಕ್ಕರೆ ಏರುತ್ತದೆ. ವರ್ಷಕ್ಕೆ ಎರಡು ಮೂರು ಸಲ ಈ ಮಾತ್ರೆ ಬೇಕಾಗುತ್ತಿದೆ ಎಂದರೆ ಎದೆರೋಗ ತಜ್ಞರನ್ನು ನೋಡಲೇಬೇಕು.

ಕಫ ಹಳದಿ, ಹಸಿರು ಆಗಿದೆ. ಆಂಟಿಬಯೋಟಿಕ್ ಬೇಡ್ವಾ?

ಕಫದ ಬಣ್ಣ ಒಂದೇ ನೋಡಿ ಬ್ಯಾಕ್ಟೀರಿಯಾ ಅಂತ ಹೇಳಲು ಬರುವುದಿಲ್ಲ. ನಮ್ಮ ಬಿಳಿ ರಕ್ತಕಣಗಳು ಸೇರಿದರೂ ಕಫ ಬಣ್ಣ ತಿರುಗುತ್ತದೆ. ವೈರಸ್ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ಕೆಮ್ಮು ಅಂದ ತಕ್ಷಣ ಅಜಿತ್ರೋಮೈಸಿನ್ ಮೂರು ಮಾತ್ರೆ ಕೊಡುವ ಅಭ್ಯಾಸ ಎಷ್ಟೋ ಊರಲ್ಲಿದೆ. ನನಗೂ ಕೊಟ್ಟಿದ್ದರು. ಮೂರು ದಿನ ಅದನ್ನೇ ನಂಬಿ ಕೂತದ್ದರಿಂದ ಇನ್ಹೇಲರ್ ಏರಿಸಬೇಕಾದ ಮೂರು ದಿನ ಹಾಳಾಯಿತು.

ಜ್ವರ ಇಳಿದು ಮತ್ತೆ ಏರಿದರೆ, ಉಸಿರು ಎಳೆದಾಗ ಎದೆಯ ಒಂದು ಕಡೆ ಚುಚ್ಚಿದರೆ, ರಕ್ತ ಬಿದ್ದರೆ ನ್ಯುಮೋನಿಯಾ ಇರಬಹುದು. ಆಗ ಎಕ್ಸ್‌ರೇ ಬೇಕು. ಆಂಟಿಬಯೋಟಿಕ್ ಬೇಕೋ ಬೇಡವೋ ಎಂದು ಡಾಕ್ಟರ್ ತೀರ್ಮಾನಿಸುತ್ತಾರೆ.

ಮೈಕೈ ನೋವಿಗೆ, ಜ್ವರಕ್ಕೆ ಯಾವ ಮಾತ್ರೆ ಸೇಫು?

ಪ್ಯಾರಾಸಿಟಮಾಲ್. ಆಸ್ತಮಾ ಇರುವ ದೊಡ್ಡವರಲ್ಲಿ ನೂರಕ್ಕೆ ಸುಮಾರು 7 ಜನರಿಗೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲೇ ಎದೆ ಬಿಗಿಯುತ್ತದೆ. ಮೂಗಿನಲ್ಲಿ ಪಾಲಿಪ್ (ಮೆತ್ತನೆ ಮಾಂಸದ ಗಂಟು) ಇದ್ದವರು, ವಾಸನೆ ತಿಳಿಯದವರು ಹೆಚ್ಚು ಹುಷಾರಾಗಿರಬೇಕು. ನೋವಿನ ಮಾತ್ರೆಗಳಲ್ಲಿ ಎರಡು ಮೂರು ಔಷಧ ಬೆರೆತಿರುತ್ತದೆ. ಕೋಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ ಇದೆ. ಹಾಳೆಯ ಹಿಂದೆ ಓದಿ.

ಮಾಂಟೆಲುಕಾಸ್ಟ್ ಮತ್ತು ಲೆವೊಸಿಟ್ರಿಜಿನ್ ಸೇರಿದ ಮಾತ್ರೆಯನ್ನು ನೆಗಡಿ ಮಾತ್ರೆ ಅಂತ ತಿಂಗಳುಗಟ್ಟಲೆ ತಿನ್ನುವವರನ್ನು ನೋಡಿದ್ದೇನೆ. ಅದು ಇನ್ಹೇಲರಿನ ಜಾಗಕ್ಕೆ ಬರುವುದಿಲ್ಲ. ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಮಂಕು, ಸಿಡುಕು ಬರಬಹುದು ಎಂದು ಅಮೆರಿಕದ ಔಷಧ ಇಲಾಖೆ 2020ರಲ್ಲಿ ಬಲವಾದ ಎಚ್ಚರಿಕೆ ಹಾಕಿಸಿತು.

ಕಷಾಯ, ಹಬೆ, ವಿಕ್ಸ್?

ಕಷಾಯ ಕುಡಿಯಿರಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಶುಂಠಿ ಹಾಕಿದ ಬಿಸಿ ಕಷಾಯ ಗಂಟಲಿಗೆ ಹಿತ. ಒಂದು ಚಮಚ ಜೇನು ಕೆಮ್ಮನ್ನು ಸ್ವಲ್ಪ ತಣಿಸುತ್ತದೆ. ಇನ್ಹೇಲರಿನ ಜೊತೆಗೆ, ಅದರ ಬದಲಿಗೆ ಅಲ್ಲ.

ಹಬೆ ಕಟ್ಟಿದ ಮೂಗಿಗೆ ಆರಾಮ ಕೊಡಬಹುದು, ಎದೆಯ ಊತ ಇಳಿಸುವುದಿಲ್ಲ. ಕುದಿಯುವ ನೀರಿನ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡವರು ಇದ್ದಾರೆ. ನೀಲಗಿರಿ ಎಣ್ಣೆ, ಮೆಂಥಾಲ್ ವಾಸನೆಗೆ ಕೆಲವರ ಎದೆ ಇನ್ನಷ್ಟು ಬಿಗಿಯುತ್ತದೆ. ಸಾಂಬ್ರಾಣಿ ಹೊಗೆ ಹಾಕುವುದಂತೂ ಬೇಡವೇ ಬೇಡ. ಮಲೆನಾಡಿನವರು ಬಚ್ಚಲ ಒಲೆಗೆ ಬೆಂಕಿ ಹಾಕುವ ಕೆಲಸವನ್ನೂ ಆ ವಾರ ಬೇರೆಯವರಿಗೆ ಬಿಡಿ.

ಹೈದರಾಬಾದಿನ ಮೀನು ಔಷಧಿ ತಗೊಂಡ್ರೆ ಇನ್ಹೇಲರ್ ಬಿಡಬಹುದಾ?

ಬಿಡಬೇಡಿ. ಪ್ರತಿ ವರ್ಷ ಜೂನ್‌ನಲ್ಲಿ ಮೃಗಶಿರಾ ಕಾಲಕ್ಕೆ ಬತ್ತಿನಿ ಕುಟುಂಬದವರು ಜೀವಂತ ಮರಿಮೀನಿನ ಬಾಯಿಗೆ ಗಿಡಮೂಲಿಕೆ ಇಟ್ಟು ನುಂಗಿಸುತ್ತಾರೆ. ನಮ್ಮ ರಾಜ್ಯದಿಂದಲೂ ಜನ ಹೋಗುತ್ತಾರೆ, ನಮ್ಮ ನೆಂಟರೂ ಹೋಗಿ ಬಂದಿದ್ದಾರೆ. ಅವರ ನಂಬಿಕೆಯನ್ನು ನಾನು ಹಳಿಯುವುದಿಲ್ಲ, ಉಸಿರು ಸಿಗದವರು ಎಲ್ಲಿಗಾದರೂ ಹೋಗುತ್ತಾರೆ. ಆದರೆ ಅದರಿಂದ ಆಸ್ತಮಾ ವಾಸಿಯಾಗುತ್ತದೆ ಎಂದು ಸರಿಯಾದ ಪರೀಕ್ಷೆಯಲ್ಲಿ ರುಜುವಾತಾಗಿಲ್ಲ. ಮಳೆಗಾಲ ಶುರುವಾಗುವ ಹೊತ್ತಿನಲ್ಲೇ ಸಾವಿರಾರು ಜನರ ಜೊತೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವುದು, ವಾಪಸ್ ಬಂದು ಇನ್ಹೇಲರ್ ಬಿಡುವುದು, ಇವೆರಡೂ ಸೇರಿದರೆ ಅಪಾಯ. ಹೋಗುವುದೇ ಆದರೆ ಮಾಸ್ಕ್ ಹಾಕಿ, ಪಂಪ್ ಜೇಬಿನಲ್ಲಿರಲಿ.

ನೆಬುಲೈಸರ್ ಪಂಪಿಗಿಂತ ಜೋರು ಅಲ್ವಾ?

ಔಷಧವನ್ನು ಮಂಜಿನ ಹಾಗೆ ಮಾಡಿ ಕೊಡುವ ಆ ಮಿಷನ್ನಿನ ಶಬ್ದ ಜೋರು, ಅಷ್ಟೇ. ಸ್ಪೇಸರ್ ಹಾಕಿ ಸರಿಯಾಗಿ ತೆಗೆದುಕೊಂಡರೆ ಪಂಪ್ ಹೆಚ್ಚಿನವರಿಗೆ ಅಷ್ಟೇ ಕೆಲಸ ಮಾಡುತ್ತದೆ. ಪುಡಿ ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಬಳಸುವವರು ಒಂದು ನೆನಪಿಡಿ: ಪುಡಿ ಒಳಗೆ ಹೋಗಲು ನೀವೇ ಜೋರಾಗಿ ಎಳೆಯಬೇಕು. ಎದೆ ಬಿಗಿದಾಗ ಅಷ್ಟು ಶಕ್ತಿ ಇರುವುದಿಲ್ಲ. ಮನೆಯಲ್ಲಿ ಒಂದು ಸ್ಪೇಸರ್ ಇರಲಿ.

ಫ್ಲೂ ಲಸಿಕೆ ಹಾಕಿಸಿಕೊಳ್ಳಲಾ? ಯಾವಾಗ?

ಹಾಕಿಸಿಕೊಳ್ಳಿ, ಪ್ರತಿ ವರ್ಷ. ವೈರಸ್ ರೂಪ ಬದಲಿಸುತ್ತಾ ಇರುತ್ತದೆ, ಲಸಿಕೆಯನ್ನೂ ಬದಲಿಸುತ್ತಾರೆ. ಚುಚ್ಚುಮದ್ದಿನಲ್ಲಿ ಇರುವುದು ಸತ್ತ ವೈರಸ್ಸಿನ ಭಾಗ, ಅದರಿಂದ ಫ್ಲೂ ಬರುವುದಿಲ್ಲ. ಕೈ ನೋವು, ಒಂದು ದಿನ ಸಣ್ಣ ಜ್ವರ ಬರಬಹುದು. ಮೊಟ್ಟೆ ಅಲರ್ಜಿ ಇದ್ದವರೂ ಈಗ ಹಾಕಿಸಿಕೊಳ್ಳಬಹುದು, ಡಾಕ್ಟರಿಗೆ ಹೇಳಿ ಹಾಕಿಸಿಕೊಳ್ಳಿ. ನಮ್ಮ ದೇಶದಲ್ಲಿ ಫ್ಲೂ ಏರುವುದು ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಇನ್ನೊಮ್ಮೆ. ನಾನು ಮೇ ತಿಂಗಳಲ್ಲಿ ಹಾಕಿಸುತ್ತೇನೆ. ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗುತ್ತದೆ.

ಫ್ಲೂ ಬಂದೇ ಬಿಟ್ಟರೆ ಒಸೆಲ್ಟಾಮಿವಿರ್ ಮಾತ್ರೆಯನ್ನು 48 ಗಂಟೆಯ ಒಳಗೆ ಶುರು ಮಾಡಿದರೆ ಒಳ್ಳೆಯದು. ಹಾಗಾಗಿ ಚಳಿ, ಮೈಕೈ ನೋವು, 102 ಡಿಗ್ರಿ ಜ್ವರ ಒಟ್ಟಿಗೆ ಬಂದರೆ ಕಾಯದೆ ಡಾಕ್ಟರ್ ನೋಡಿ. ಎಳೆದುಕೊಳ್ಳುವ ಪುಡಿ ರೂಪದ ಜನಾಮಿವಿರ್ ನಮಗಲ್ಲ, ಅದರಿಂದಲೇ ಉಬ್ಬಸ ಏಳಬಹುದು.

ಕೋವಿಡ್ ಬಂದರೆ ನಮಗೆ ಬೇರೆಯವರಿಗಿಂತ ಅಪಾಯವಾ?

ಆಸ್ತಮಾ ಹಿಡಿತದಲ್ಲಿ ಇದ್ದವರಿಗೆ ಕೋವಿಡ್‌ನಿಂದ ಸಾಯುವ ಅಪಾಯ ಹೆಚ್ಚು ಎಂದು ಕಾಣಲಿಲ್ಲ. ಸ್ವಲ್ಪ ದಿನದ ಹಿಂದೆಯೇ ಸ್ಟೀರಾಯ್ಡ್ ಮಾತ್ರೆ ಬೇಕಾಗಿದ್ದವರಲ್ಲಿ ಮಾತ್ರ ಅಪಾಯ ಹೆಚ್ಚಿತ್ತು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಹಲವು ದೇಶಗಳಲ್ಲಿ ಆಸ್ತಮಾಕ್ಕೆ ಆಸ್ಪತ್ರೆ ಸೇರುವವರು ಕಡಿಮೆಯಾದರು. ಜನ ಒಬ್ಬರಿಗೊಬ್ಬರು ನೆಗಡಿ ಅಂಟಿಸುವುದು ನಿಂತಿತ್ತು, ಗಾಳಿಯೂ ಶುದ್ಧವಾಗಿತ್ತು.

ಬಸುರಿ, ನೆಗಡಿ ಬಂದಿದೆ. ಇನ್ಹೇಲರ್ ನಿಲ್ಲಿಸಲಾ?

ನಿಲ್ಲಿಸಬೇಡಿ. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಆಕ್ಸಿಜನ್ ಸಾಲುವುದಿಲ್ಲ. ಫ್ಲೂ ಲಸಿಕೆಯನ್ನೂ ಬಸುರಿಯಲ್ಲಿ ಹಾಕಿಸಿಕೊಳ್ಳಬಹುದು.

ನೆಗಡಿ ಬರದ ಹಾಗೆ ಏನು ಮಾಡಬಹುದು?

ಪೂರ್ತಿ ತಪ್ಪಿಸಲು ಆಗುವುದಿಲ್ಲ. ಸೋಪು ಹಾಕಿ ಕೈ ತೊಳೆಯುವುದು, ಕೈಯನ್ನು ಮೂಗು ಕಣ್ಣಿಗೆ ಒಯ್ಯದಿರುವುದು, ಕಿಟಕಿ ತೆಗೆದಿಡುವುದು, ಬಸ್ಸಿನಲ್ಲಿ ಮಾಸ್ಕ್. ನಾನು ಜೂನ್, ಜುಲೈನಲ್ಲಿ ಕ್ಲಾಸಿನಲ್ಲಿ ಮಾಸ್ಕ್ ಹಾಕುತ್ತೇನೆ, ಮಕ್ಕಳಿಗೆ ಕಾರಣವನ್ನೂ ಹೇಳಿದ್ದೇನೆ. ಈಗ ಸೀನು ಬಂದರೆ ಅವರೇ ಮೊಣಕೈ ಅಡ್ಡ ಹಿಡಿಯುತ್ತಾರೆ.

ಇನ್ನೊಂದು ವಿಷಯ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ನಿಮಗೆ ಅಲರ್ಜಿ ಇರುವ ವಸ್ತು ಮನೆಯಲ್ಲಿ ಇದ್ದು, ಅದರ ಮೇಲೆ ವೈರಸ್ ಬಂದರೆ ಎರಡೂ ಸೇರಿ ಹೊಡೆತ ಜೋರಾಗುತ್ತದೆ. ದೊಡ್ಡವರ ಮೇಲೆ ಮ್ಯಾಂಚೆಸ್ಟರಿನಲ್ಲಿ ಮಾಡಿದ, 2002ರಲ್ಲಿ ಬಂದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ನಮ್ಮ ಮಲೆನಾಡಿನ ಮಳೆಗಾಲ ಅಂದರೆ ಗೋಡೆಗೆ ಬೂಷ್ಟು, ಹಾಸಿಗೆಗೆ ತೇವ, ಕಂಬಳಿಯಲ್ಲಿ ಧೂಳು ಹುಳ. ಮೇ ಬಿಸಿಲಿನಲ್ಲೇ ಕಂಬಳಿ, ದಿಂಬು ಒಣಗಿಸಿ. ಬೂಷ್ಟು ಉಜ್ಜಿ ತೆಗೆಯುವ ಕೆಲಸ ಆಸ್ತಮಾ ಇರುವವರು ಮಾಡಬೇಡಿ.

ಆಕ್ಸಿಮೀಟರ್ 96 ತೋರಿಸ್ತಿದೆ. ಹಾಗಾದ್ರೆ ಆರಾಮು ಅಲ್ವಾ?

ಅಂಕಿ ಚೆನ್ನಾಗಿದ್ದರೂ ಉಸಿರಿಗೆ ಕಷ್ಟಪಡುತ್ತಿದ್ದರೆ ಉಸಿರನ್ನೇ ನಂಬಿ. ಆಸ್ತಮಾದಲ್ಲಿ ಆಕ್ಸಿಜನ್ ಅಂಕಿ ಕೊನೆಯವರೆಗೂ ಸರಿಯಾಗಿಯೇ ಇದ್ದು ಆಮೇಲೆ ಕುಸಿಯಬಹುದು. ಸುಂಯ್ ಶಬ್ದ ನಿಂತು ರೋಗಿ ಮಂಕಾದರೆ ಅದು ಸುಧಾರಣೆ ಅಲ್ಲ, ಗಾಳಿ ಓಡಾಡುವುದೇ ನಿಂತಿದೆ ಎಂದು. ಆಗ ಒಂದು ಕ್ಷಣವೂ ತಡ ಮಾಡಬಾರದು.

ನೆಗಡಿ ಹೋಗಿ ಮೂರು ವಾರ ಆಯ್ತು. ಕೆಮ್ಮು ಮಾತ್ರ ಹೋಗ್ತಿಲ್ಲ.

ನೆಗಡಿ ಏಳರಿಂದ ಹತ್ತು ದಿನಕ್ಕೆ ಮುಗಿದರೂ ಶ್ವಾಸನಾಳ ಇನ್ನೂ ಕೆಲವು ವಾರ ಸೂಕ್ಷ್ಮವಾಗಿಯೇ ಇರುತ್ತದೆ. ಒಗ್ಗರಣೆ ಘಾಟಿಗೂ, ತಣ್ಣನೆ ಗಾಳಿಗೂ, ನಕ್ಕರೂ ಕೆಮ್ಮು. ಏರಿಸಿದ ಔಷಧವನ್ನು ಡಾಕ್ಟರ್ ಹೇಳಿದ ದಿನದ ತನಕ ಮುಂದುವರಿಸಿ. ಪೀಕ್ ಫ್ಲೋ ನಿಮ್ಮ ಹಳೆಯ ಅಂಕಿಗೆ ಬಂತಾ ನೋಡಿ.

ಆದರೆ ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಆಸ್ತಮಾ ಇದ್ದವರಿಗೂ ಟಿಬಿ ಬರುತ್ತದೆ. ಎಷ್ಟೋ ಸಲ ಅದು ಹಳೇ ಉಬ್ಬಸ ಎಂಬ ಹೆಸರಿನಡಿ ತಿಂಗಳುಗಟ್ಟಲೆ ಅಡಗಿ ಕೂತಿರುತ್ತದೆ. ಸಂಜೆ ಸಣ್ಣ ಜ್ವರ, ತೂಕ ಇಳಿತ, ರಾತ್ರಿ ಬೆವರು ಇದ್ದರೆ ಇನ್ನೂ ಬೇಗ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ದುಡ್ಡಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮಿ ತೆಗೆದ ಕಫ ಪರೀಕ್ಷೆಗೆ ಒಳ್ಳೆಯದು, ಹಿಂದಿನ ದಿನವೇ ಹೋಗಿ ಡಬ್ಬಿ ಇಸಿದುಕೊಂಡು ಬನ್ನಿ.